ಎಷ್ಟು ಕೆವಿಎ ಬೇಕು? ಬೋರಿನ ಮೋಟರನ್ನು ಕೇಳಿ

ಮಳೆಗಾಲ ಹತ್ತಿರವಾದಂತೆ ಈ ಅಂಕಣಕ್ಕೆ ಜನರೇಟರ್ ಪತ್ರಗಳು ಜಾಸ್ತಿಯಾಗುತ್ತವೆ. ಘಟ್ಟದ ಕಡೆಯವರಿಗೆ ಮರ ಬಿದ್ದು ಲೈನ್ ಹರಿಯುವ ಚಿಂತೆ, ಬಯಲಿನವರಿಗೆ ಹಾಲು ಕರೆಯುವ ಹೊತ್ತಿಗೆ ಕರೆಂಟು ಕೈಕೊಡುವ ಚಿಂತೆ. ಈ ಬಾರಿ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇವೆ. ಕೆವಿಎ ಅಂದರೆ ಜನರೇಟರ್ ಎಷ್ಟು ಹೊರೆ ಹೊರಬಲ್ಲದು ಎಂಬುದರ ಅಳತೆ.

ಪ್ರಶ್ನೆ: ಮೂಡಿಗೆರೆ ತಾಲೂಕಿನ ತೋಟದ ಮನೆ ನಮ್ಮದು. ಗಾಳಿ ಮಳೆ ಜೋರಾದರೆ ಎರಡು ಮೂರು ದಿನ ಕರೆಂಟೇ ಇರುವುದಿಲ್ಲ. ಮನೆಯಲ್ಲಿ 9 ವ್ಯಾಟಿನ ಬಲ್ಬು 14, ಫ್ಯಾನು 5, ಒಂದು ಫ್ರಿಜ್ಜು, ಟಿವಿ, ವೈಫೈ, 750 ವ್ಯಾಟಿನ ಮಿಕ್ಸಿ, 2000 ವ್ಯಾಟಿನ ಗೀಸರ್, ಬೋರಿಗೆ 1 ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪಂಪು ಇವೆ. 150 ಎಎಚ್ ಬ್ಯಾಟರಿಯ ಯುಪಿಎಸ್ ಕೂಡ ಇದೆ. ಎಲೆಕ್ಟ್ರಿಷಿಯನ್ 3 ಕೆವಿಎ ಸಾಕು ಅನ್ನುತ್ತಾರೆ, ಅಂಗಡಿಯವರು 7.5 ಬೇಕೇ ಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಲೆಕ್ಕವೂ ಎಲ್ಲಿಂದ ಬಂತೆಂದು ನೋಡೋಣ. ಬಲ್ಬುಗಳಿಗೆ 126 ವ್ಯಾಟ್, ಫ್ಯಾನಿಗೆ ತಲಾ 75ರಂತೆ 375, ಫ್ರಿಜ್ಜು ಓಡುವಾಗ ಸುಮಾರು 150, ಟಿವಿ 100, ವೈಫೈ 15, ಪಂಪು ಓಡುವಾಗ ಸುಮಾರು 1150. ಒಟ್ಟು 1900 ಚಿಲ್ಲರೆ. ಇದಕ್ಕೆ ಸ್ವಲ್ಪ ಅಂಚು ಬಿಟ್ಟು 0.8 ಪವರ್ ಫ್ಯಾಕ್ಟರಿನಿಂದ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಭಾಗಿಸಿದರೆ ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ 3 ಕೆವಿಎ. ಅಂಗಡಿಯವರು ಮಿಕ್ಸಿ ಗೀಸರ್ ಎಲ್ಲ ಒಟ್ಟಿಗೇ ಓಡುತ್ತವೆಂದು ಹಿಡಿದಿದ್ದಾರೆ. ಆಗ 4,670 ವ್ಯಾಟ್ ಆಗುತ್ತದೆ. ಕೆವಿಎಗೆ ತಿರುಗಿಸಿದರೆ 5.8, ಅದರ ಮೇಲಿನ ಸೈಜು 7.5.

ಎಲೆಕ್ಟ್ರಿಷಿಯನ್ ಬಿಟ್ಟದ್ದು ಪಂಪು ಏಳುವ ಕ್ಷಣವನ್ನು. 1 ಎಚ್‌ಪಿ ಸಬ್‌ಮರ್ಸಿಬಲ್ ಓಡುವಾಗ 7-8 ಆಂಪಿಯರ್ ಎಳೆದರೆ, ಏಳುವಾಗ ಅದರ ನಾಲ್ಕೈದು ಪಟ್ಟು, ಅಂದರೆ 30ರಿಂದ 40 ಆಂಪಿಯರ್ ಎಳೆಯುತ್ತದೆ. 3 ಕೆವಿಎ ಜನರೇಟರ್ ಸಮಾಧಾನವಾಗಿ ಕೊಡುವುದು 13 ಆಂಪಿಯರ್. ಅದರ ಮೇಲೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಮೋಟರು ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದಾದ್ದರಿಂದ, 230 ಇದ್ದದ್ದು 160ಕ್ಕೆ ಬಂದರೆ ಮೋಟರಿನ ಶಕ್ತಿ ಅರ್ಧಕ್ಕರ್ಧ ಹೋಯಿತು. ಪಂಪು ತಿರುಗದೆ ಗುಂಯ್ ಎನ್ನುತ್ತಾ ಕೂರುತ್ತದೆ. ತಿರುಗದ ಮೋಟರು ಏಳುವ ಕರೆಂಟನ್ನೇ ಎಳೆಯುತ್ತಿರುತ್ತದೆ, ವೈಂಡಿಂಗ್ ಕಾಯುತ್ತದೆ, ಪ್ಯಾನೆಲಿನ ಸ್ಟಾರ್ಟಿಂಗ್ ಕೆಪಾಸಿಟರ್ ಉಬ್ಬುತ್ತದೆ. ಬೋರಿನ ಪೈಪೆಲ್ಲ ಎತ್ತಿಸಿ ಮೋಟರು ರಿವೈಂಡ್ ಮಾಡಿಸುವ ಖರ್ಚಿನ ಮುಂದೆ, ಸಣ್ಣ ಜನರೇಟರ್ ಕೊಂಡು ಉಳಿಸಿದ ದುಡ್ಡು ಯಾವ ಲೆಕ್ಕ?

ಸಾಧಾರಣ ಎವಿಆರ್ (ವೋಲ್ಟೇಜನ್ನು ಸಮನಾಗಿಡುವ ಸರ್ಕ್ಯೂಟು) ಇರುವ ಜನರೇಟರಿನಿಂದ 1 ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಎಬ್ಬಿಸಲು 5 ಕೆವಿಎ ಹಿಡಿಯಬೇಕು. ಅರ್ಧ ಎಚ್‌ಪಿಗೆ 2.5, ಒಂದೂವರೆಗೆ 6 ದಾಟುತ್ತದೆ, 2 ಎಚ್‌ಪಿಗೆ 9ರಿಂದ 10. ನಿಮಗೆ ಬೇಕಾದದ್ದು 5 ಕೆವಿಎ.

ಅದರಲ್ಲೇ ಮನೆಯೂ ನಡೆಯುತ್ತದೆ, ಆದರೆ ಸರದಿ ತಪ್ಪಬಾರದು. ಜನರೇಟರ್ ಎಬ್ಬಿಸಿ ಎರಡು ನಿಮಿಷ ಬಿಸಿಯಾಗಲು ಬಿಡಿ. ಮೊದಲು ಪಂಪು ಹಾಕಿ. ಅದು ಎದ್ದು ಸದ್ದು ಸಮನಾದ ಮೇಲೆ ಯುಪಿಎಸ್, ದೀಪ, ಕೊನೆಗೆ ಫ್ರಿಜ್ಜು. ಈಗಷ್ಟೇ ನಿಂತ ಕಂಪ್ರೆಸರ್ ಒಳಗಿನ ಗ್ಯಾಸಿನ ಒತ್ತಡ ಇಳಿಯಲು ನಾಲ್ಕೈದು ನಿಮಿಷ ಬೇಕು. ತಕ್ಷಣ ಹಾಕಿದರೆ ಅದೂ ಪಂಪಿನ ಹಾಗೆಯೇ ಮುಷ್ಕರ ಹೂಡುತ್ತದೆ. ಪಂಪು ಓಡುವಾಗ ಮಿಕ್ಸಿ ಬೇಡ. ಗೀಸರನ್ನು ಜನರೇಟರ್ ಸಾಲಿಗೆ ಸೇರಿಸಲೇಬೇಡಿ. ತೋಟದ ಮನೆಯಲ್ಲಿ ಸೌದೆಗೆ ಬರವಿಲ್ಲ, ಬಚ್ಚಲ ಹಂಡೆ ಇರುವಾಗ ಪೆಟ್ರೋಲ್ ಸುಟ್ಟು ನೀರು ಕಾಯಿಸುವುದು ದಂಡ.

ಇಡೀ ದಿನ ಓಡಿಸುವ ಯೋಚನೆಯೂ ಬೇಡ. 5 ಕೆವಿಎ ಪೆಟ್ರೋಲ್ ಸೆಟ್ಟು ನಾಲ್ಕು ಬಲ್ಬು ಉರಿಸುತ್ತಿದ್ದರೂ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು, ಗಂಟೆಗೆ ಲೀಟರಿನ ಹತ್ತಿರ ಕುಡಿಯುತ್ತದೆ. ಬೆಳಿಗ್ಗೆ ಒಂದೂವರೆ, ಸಂಜೆ ಒಂದೂವರೆ ಗಂಟೆ ಓಡಿಸಿ ಟ್ಯಾಂಕು ತುಂಬಿಸಿ, ಫ್ರಿಜ್ಜು ತಣ್ಣಗೆ ಮಾಡಿ, ಮಿಕ್ಸಿ ಕೆಲಸ ಮುಗಿಸಿ, ಬ್ಯಾಟರಿಗೆ ಚಾರ್ಜ್ ಕೊಡಿ. ಉಳಿದ ಹೊತ್ತು ಯುಪಿಎಸ್. ದಿನಕ್ಕೆ ನಾಲ್ಕು ಲೀಟರಿನ ಆಸುಪಾಸಿನಲ್ಲಿ ಸಂಸಾರ ಸಾಗುತ್ತದೆ.

ಆದರೆ ಮೂರು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆಂದು ನಂಬಿ ಕೂರಬೇಡಿ. ಯುಪಿಎಸ್ 15 ಆಂಪಿಯರಿನಲ್ಲಿ ಚಾರ್ಜ್ ಮಾಡಿದರೆ ಮೂರು ಗಂಟೆಗೆ 45 ಎಎಚ್, ಅಂದರೆ 12 ವೋಲ್ಟಿನ ಬ್ಯಾಟರಿಯಲ್ಲಿ 540 ವ್ಯಾಟ್-ಅವರ್. ಬ್ಯಾಟರಿಯಲ್ಲಿ, ಯುಪಿಎಸ್‌ನಲ್ಲಿ ಸೋರಿ ಕೈಗೆ ಸಿಗುವುದು 370ರಷ್ಟು. ಐದು ಬಲ್ಬು ಮತ್ತು ವೈಫೈಗೆ ಆರು ಗಂಟೆ ಬರುತ್ತದೆ, ಟಿವಿ ಸೇರಿದರೆ ಎರಡೂವರೆ ಗಂಟೆಯೂ ಕಷ್ಟ. ಎರಡನೇ ದಿನ ರಾತ್ರಿ ಯುಪಿಎಸ್ ಕೀಂಕೀಂ ಎನ್ನುವುದು ಇದರಿಂದಲೇ, ಬ್ಯಾಟರಿ ಹಾಳಾಗಿ ಅಲ್ಲ.

ಇನ್ನೊಂದು ಮಾತು. ಬೋರಿನ ಬದಲು ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ಬರುವ ಮನೆಗಳಿಗೆ ಈ ಪಂಪಿನ ಲೆಕ್ಕವೇ ಬೇಡ. ಮಳೆಗಾಲದಲ್ಲಿ ಫ್ಯಾನೂ ಅಷ್ಟಕ್ಕಷ್ಟೆ. 2 ಕೆವಿಎ ಇನ್ವರ್ಟರ್ ಮಾದರಿಯ ಪುಟ್ಟ ಜನರೇಟರ್ ಸಾಕು, ಸದ್ದೂ ಕಡಿಮೆ, ಪೆಟ್ರೋಲೂ ಕಡಿಮೆ.

ಪ್ರಶ್ನೆ: ಹಾಸನದ ಅಂಗಡಿಯಲ್ಲಿ ನೋಡಿದ ಸೆಟ್ಟಿನ ಮೇಲೆ 3 ಕೆವಿಎ ಎಂದು ದೊಡ್ಡದಾಗಿದೆ. ಒಳಗಿನ ಪ್ಲೇಟಿನಲ್ಲಿ ಮ್ಯಾಕ್ಸ್ 2.8 ಕಿಲೋವ್ಯಾಟ್, ರೇಟೆಡ್ 2.5 ಎಂದಿದೆ. ಯಾವುದು ನಿಜ? ನಮ್ಮ ಮನೆಯ ಲೋಡ್ ಎಷ್ಟೆಂದು ತಿಳಿಯುವುದಾದರೂ ಹೇಗೆ?

ಉತ್ತರ: ರೇಟೆಡ್ ಎಂದಿರುವುದನ್ನು ಹಿಡಿಯಿರಿ. ಮ್ಯಾಕ್ಸ್ ಎಂಬುದು ಕೆಲವು ನಿಮಿಷದ ಮಾತು. ಆ 2.5 ಕೂಡ ತಗ್ಗಿನ ಊರಿನ ಲೆಕ್ಕ. ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಎಲ್ಲ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಮೇಲೇರಿದಂತೆ ಗಾಳಿ ತೆಳುವಾಗಿ, ಟರ್ಬೋ ಇಲ್ಲದ ಎಂಜಿನ್ 300 ಮೀಟರಿಗೆ ಶೇ 3ರಿಂದ 3.5ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಶೇ 10 ಎಂದುಕೊಳ್ಳಿ. 2.5 ಇದ್ದದ್ದು 2.25 ಆಯಿತು. ಗಂಟೆಗಟ್ಟಲೆ ಓಡಿಸುವಾಗ ಅದರ ಶೇ 80ರ ಮೇಲೆ ಹೇರಬಾರದು. ಕೊನೆಗೆ ನಿಮ್ಮ ಕೈಗೆ ಸಿಕ್ಕಿದ್ದು 1.8 ಕಿಲೋವ್ಯಾಟ್. ಡಬ್ಬದ ಮೇಲಿನ 3ಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಲೋಡ್ ತಿಳಿಯಲು ಮನೆಯ ಮೀಟರೇ ಸಾಕು. ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ, ಉದಾಹರಣೆಗೆ 3200. ಜನರೇಟರಿನಲ್ಲಿ ಏನೇನು ಓಡಿಸಬೇಕೋ ಅದನ್ನಷ್ಟೇ ಹಾಕಿ, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಮಿಣುಕು ಎಣಿಸಿ. 60ರಿಂದ ಗುಣಿಸಿ 3200ರಿಂದ ಭಾಗಿಸಿ. 40 ಮಿಣುಕಾದರೆ 0.75 ಕಿಲೋವ್ಯಾಟ್. ಪಂಪು ಏಳುವ ಕರೆಂಟು ಮಾತ್ರ ಇದರಲ್ಲಿ ಸಿಗದು. ಅದಕ್ಕೆ ಎಲೆಕ್ಟ್ರಿಷಿಯನ್ ಹತ್ತಿರ ವೈರಿಗೆ ಕಚ್ಚಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ತರಿಸಿ, ಗರಿಷ್ಠ ಕರೆಂಟನ್ನು ಹಿಡಿದಿಡುವ ಬಟನ್ ಇರುವುದೇ ಆಗಬೇಕು. ಇಲ್ಲದಿದ್ದರೆ ಆ ಅರ್ಧ ಸೆಕೆಂಡು ಮುಳ್ಳಿಗೂ ಕಣ್ಣಿಗೂ ದಕ್ಕುವುದಿಲ್ಲ.

ತಿಂಗಳ ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆ ಎಷ್ಟು ಕಿಲೋವ್ಯಾಟ್ ದಾಖಲಾಗಿದೆ ಎಂದು ಬಂದಿದ್ದರೆ ಅದನ್ನೂ ನೋಡಿ. ಅದು ಗೀಸರ್, ಇಸ್ತ್ರಿಪೆಟ್ಟಿಗೆ ಎಲ್ಲ ಸೇರಿದ ಸಂಖ್ಯೆ, ಮೇಲ್ಮಿತಿ ತಿಳಿಯಲಷ್ಟೇ ಉಪಯೋಗ.

ಪ್ರಶ್ನೆ: ಅರಸೀಕೆರೆ ತಾಲೂಕು. ಎಂಟು ಹಸು ಇವೆ, 1 ಎಚ್‌ಪಿ ಹಾಲು ಕರೆಯುವ ಯಂತ್ರ, 2 ಎಚ್‌ಪಿ ಮೇವು ಕತ್ತರಿಸುವ ಯಂತ್ರ. ತೋಟದಲ್ಲಿ 5 ಎಚ್‌ಪಿ ತ್ರೀ ಫೇಸ್ ಬೋರ್. ಎಲ್ಲಕ್ಕೂ ಸೇರಿಸಿ ಒಂದೇ ದೊಡ್ಡ ಡೀಸೆಲ್ ಜನರೇಟರ್ ತಂದರೆ ಆಗದೇ?

ಉತ್ತರ: ಆಗುತ್ತದೆ, ಆದರೆ ಮಾಡಬೇಡಿ.

5 ಎಚ್‌ಪಿ ಮೋಟರು ಓಡುವಾಗ ಫೇಸಿಗೆ 8 ಆಂಪಿಯರಿನಷ್ಟು, ಏಳುವಾಗ ಅದರ ಆರು ಪಟ್ಟು. ನೇರ ಸ್ಟಾರ್ಟರಿನಲ್ಲಿ ಎಬ್ಬಿಸಲು 15 ಕೆವಿಎಗಿಂತ ಕಡಿಮೆ ಬೇಡ, ಬೋರ್ ಆಳವಿದ್ದರೆ 20 ನೋಡಿ. ಮೋಟರನ್ನು ಎರಡು ಹಂತದಲ್ಲಿ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಏಳುವ ಕರೆಂಟು ಮೂರನೇ ಒಂದಕ್ಕೆ ಇಳಿಯುತ್ತದೆ ನಿಜ. ಅದಕ್ಕೆ ಮೋಟರಿನಿಂದ ಆರು ವೈರು ಮೇಲೆ ಬಂದಿರಬೇಕು. ಮೂರೇ ವೈರು ಬಂದಿದ್ದರೆ ಸ್ಟಾರ್-ಡೆಲ್ಟಾ ಸಾಧ್ಯವಿಲ್ಲ. ಸ್ಟಾರ್ಟರ್ ಕೊಳ್ಳುವ ಮುಂಚೆ ಬೋರಿನ ಬಾಯಲ್ಲಿ ವೈರು ಎಣಿಸಿ.

ಈಗ ಅದೇ 15 ಕೆವಿಎ ಸೆಟ್ಟನ್ನು ಬೆಳಗಿನ ಐದು ಗಂಟೆಗೆ ಬರೀ ಹಾಲು ಕರೆಯಲು ಓಡಿಸಿದರೆ ಅದರ ಮೇಲಿನ ಹೊರೆ ಶೇ 10 ಕೂಡ ಇಲ್ಲ. ಡೀಸೆಲ್ ಎಂಜಿನ್ ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ದಿನಾ ಓಡಿದರೆ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಸುಡದ ಡೀಸೆಲ್ ಮಸಿಯ ಜೊತೆ ಸೇರಿ ಸೈಲೆನ್ಸರಿನಲ್ಲಿ ಕಪ್ಪು ಎಣ್ಣೆಯಾಗಿ ಸೋರುತ್ತದೆ, ಇಂಜೆಕ್ಟರಿಗೆ ಮಸಿ ಕಟ್ಟುತ್ತದೆ, ಪಿಸ್ಟನ್ ರಿಂಗು ಅಂಟುತ್ತದೆ. ಮೇಲಾಗಿ ಮೂರು ಫೇಸಿನಲ್ಲಿ ಒಂದಕ್ಕೆ ಮಾತ್ರ ಹೊರೆ ಬಿದ್ದು ಉಳಿದೆರಡರ ವೋಲ್ಟೇಜ್ ಏರುಪೇರಾಗುತ್ತದೆ. ಸೆಟ್ಟು ದೊಡ್ಡದಾದಷ್ಟೂ ನಿಶ್ಚಿಂತೆ ಎನ್ನುವವರು ಈ ಸೈಲೆನ್ಸರ್ ಒಮ್ಮೆ ಬಿಚ್ಚಿ ನೋಡಬೇಕು.

ಹಾಲು ಕರೆಯಲು 5 ಕೆವಿಎ ಸಿಂಗಲ್ ಫೇಸ್ ಬೇರೆಯೇ ಇರಲಿ. ಪೈಪಿನಲ್ಲಿ ನಿರ್ವಾತ ಉಳಿದಿದ್ದರೆ ಮೋಟರಿಗೆ ಏಳುವುದು ಕಷ್ಟ, ಕವಾಟ ತೆರೆದು ಗಾಳಿ ಒಳಬಿಟ್ಟು ಎಬ್ಬಿಸಿ, ಆಮೇಲೆ ಮುಚ್ಚಿ. ಮೋಟರಿನ ಪಕ್ಕದಲ್ಲೇ ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿದ ಹಾಲು ಕರೆಯುವ ಯಂತ್ರಗಳೂ ಸಿಗುತ್ತವೆ. ಬೆಲ್ಟನ್ನು ಮೋಟರಿನಿಂದ ಎಂಜಿನ್ನಿಗೆ ಬದಲಿಸಿದರಾಯಿತು, ಜನರೇಟರೇ ಬೇಡ. ಹೊಸದು ಕೊಳ್ಳುವವರಿಗೆ ಅದೇ ಲೇಸು. ಮೇವಿನ ಯಂತ್ರವನ್ನು ಕರೆಂಟು ಇದ್ದಾಗ ಓಡಿಸಿ ಒಂದು ದಿನದ್ದು ಕತ್ತರಿಸಿಟ್ಟುಕೊಳ್ಳಿ. ಅದಕ್ಕಾಗಿ 10 ಕೆವಿಎ ತರುವುದು ಬೇಡ.

ಬೋರಿಗೆ, ಟ್ರ್ಯಾಕ್ಟರ್ ಇದ್ದರೆ, ಪಿಟಿಒಗೆ (ಟ್ರ್ಯಾಕ್ಟರಿನ ಹಿಂಬದಿಯಲ್ಲಿ ತಿರುಗುವ ದಂಡ) ಜೋಡಿಸುವ ಆಲ್ಟರ್ನೇಟರ್ (ಕರೆಂಟು ಹುಟ್ಟಿಸುವ ಭಾಗ) ವಿಚಾರಿಸಿ. ಕಿಲೋವ್ಯಾಟಿಗೆ 2 ಎಚ್‌ಪಿ ಲೆಕ್ಕ ಹಿಡಿದರೆ 12 ಕಿಲೋವ್ಯಾಟಿಗೆ ಪಿಟಿಒದಲ್ಲಿ 24 ಎಚ್‌ಪಿ ಬೇಕು. ಎಂಜಿನ್ ವೇಗ ಅತ್ತಿತ್ತ ಆಗದಂತೆ ನೋಡಿಕೊಳ್ಳಬೇಕು, ಅಷ್ಟೆ. ಯಾವುದೇ ತ್ರೀ ಫೇಸ್ ಜನರೇಟರ್ ಜೋಡಿಸಿದ ಮೊದಲ ದಿನ ನೀರಿನ ರಭಸ ಗಮನಿಸಿ. ಫೇಸಿನ ಸರದಿ ಅದಲು ಬದಲಾಗಿದ್ದರೆ ಪಂಪು ಉಲ್ಟಾ ತಿರುಗುತ್ತದೆ. ಸದ್ದು ಬರುತ್ತದೆ, ನೀರು ಮಾತ್ರ ತೊಟ್ಟಿಕ್ಕುತ್ತದೆ. ಯಾವುದಾದರೂ ಎರಡು ಫೇಸ್ ಬದಲಿಸಿದರೆ ಸರಿ, ಬದಲಿಸುವುದು ಜನರೇಟರ್ ಕಡೆಯ ವೈರಿನಲ್ಲಿ, ಸ್ಟಾರ್ಟರಿನಲ್ಲಲ್ಲ.

ಪ್ರಶ್ನೆ: ಚಿಕ್ಕಮಗಳೂರು ಹತ್ತಿರ ಹೋಂಸ್ಟೇ ಇದೆ. ಮಳೆಗೆ ನೆನೆಯಬಾರದೆಂದು ಜನರೇಟರನ್ನು ಕಾರ್ ಶೆಡ್ಡಿನಲ್ಲಿ ಇಟ್ಟಿದ್ದೇವೆ. ಎರಡು ಕಡೆಯೂ ಪ್ಲಗ್ ಇರುವ ವೈರನ್ನು ಗೋಡೆಯ ಸಾಕೆಟ್ಟಿಗೆ ಹಾಕಿದರೆ ಇಡೀ ಮನೆಗೆ ಕರೆಂಟು ಬರುತ್ತದೆ, ಮೇನ್ ಸ್ವಿಚ್ ಆಫ್ ಮಾಡಿರುತ್ತೇವೆ. ಇದರಲ್ಲಿ ತಪ್ಪೇನಾದರೂ ಇದೆಯೇ?

ಉತ್ತರ: ಎರಡೂ ತಪ್ಪು, ಎರಡೂ ಜೀವ ತೆಗೆಯುವಂಥವು. ಇವತ್ತೇ ನಿಲ್ಲಿಸಿ.

ಒಂದು ದಿನ ಯಾರೋ ಮೇನ್ ಆಫ್ ಮಾಡಲು ಮರೆಯುತ್ತಾರೆ. ಆಗ ನಿಮ್ಮ 230 ವೋಲ್ಟು ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗಿ ಊರಿನ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಏರಿ 11,000 ವೋಲ್ಟಿನ ಲೈನಿಗೆ ಹತ್ತುತ್ತದೆ. ಅದೇ ಹೊತ್ತಿಗೆ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಲೈನ್ ಆಫ್ ಆಗಿದೆ ಎಂದೇ ನಂಬಿರುತ್ತಾರೆ. ಕರೆಂಟು ದಿಢೀರ್ ವಾಪಸ್ ಬಂದರೆ ಜನರೇಟರಿನ ಆಲ್ಟರ್ನೇಟರ್ ಸುಡುತ್ತದೆ. ಇನ್ನು ಆ ಎರಡು ತಲೆಯ ವೈರು ಸಾಕೆಟ್ಟಿನಿಂದ ಕಳಚಿಬಿದ್ದರೆ ಪ್ಲಗ್ಗಿನ ಬರಿ ಪಿನ್ನಿನಲ್ಲೇ 230 ವೋಲ್ಟು.

ಮೀಟರ್ ಮತ್ತು ಮೇನ್ ಸ್ವಿಚ್ ನಂತರ ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಜೋಡಿಸುವಂಥದ್ದು) ಹಾಕಿಸಿ. ಸಿಂಗಲ್ ಫೇಸಿಗೆ ಎರಡು ಪೋಲ್, ತ್ರೀ ಫೇಸಿಗೆ ನಾಲ್ಕು ಪೋಲ್. ಫೇಸಿನ ಜೊತೆ ನ್ಯೂಟ್ರಲ್ ಕೂಡ ಬದಲಾಗಲೇಬೇಕು. ನಡುವೆ ಆಫ್ ಸ್ಥಾನ ಇರಲಿ. 5 ಕೆವಿಎ ಸೆಟ್ಟು ಕೊಡುವುದು 22 ಆಂಪಿಯರಿನಷ್ಟು, 32 ಆಂಪಿಯರಿನ ಸ್ವಿಚ್ ಸರಿ. ಜನರೇಟರಿನಿಂದ ಸ್ವಿಚ್‌ವರೆಗೆ 4 ಚದರ ಮಿಲಿಮೀಟರ್ ತಾಮ್ರದ ಕೇಬಲ್. 30 ಮೀಟರ್ ದೂರಕ್ಕೆ 20 ಆಂಪಿಯರಿನಲ್ಲಿ ಇದು ಐದೂವರೆ ವೋಲ್ಟ್ ನುಂಗಿದರೆ, 2.5ರ ಕೇಬಲ್ ಸುಮಾರು 9 ವೋಲ್ಟ್ ನುಂಗುತ್ತದೆ. ಪಂಪು ಏಳುವಾಗ ಅದು ಇಮ್ಮಡಿ. ಜನರೇಟರಿನ ಲೋಹದ ಮೈಗೆ ಪ್ರತ್ಯೇಕ ಅರ್ಥಿಂಗ್ ರಾಡ್ ಬೇಕು. ಸಣ್ಣ ಸೆಟ್ಟುಗಳಲ್ಲಿ ನ್ಯೂಟ್ರಲ್ ಅರ್ಥಿಗೆ ಕೂಡಿರುವುದಿಲ್ಲ. ಕೂಡದಿದ್ದರೆ ಮನೆಯ ಆರ್‌ಸಿಸಿಬಿ (ಶಾಕ್ ಹೊಡೆದಾಗ ಕರೆಂಟು ಕಡಿಯುವ ಸ್ವಿಚ್) ಜನರೇಟರ್ ಓಡುವಾಗ ಟ್ರಿಪ್ ಆಗುವುದಿಲ್ಲ, ಶಾಕ್ ಹೊಡೆದರೂ ಸುಮ್ಮನಿರುತ್ತದೆ. ಸೆಟ್ಟಿನ ಕೈಪಿಡಿ ಒಪ್ಪುವುದಾದರೆ ಜನರೇಟರ್ ಹತ್ತಿರ ಒಂದೇ ಕಡೆ ಕೂಡಿಸಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಹೇಳಿ. ನಿಮ್ಮಲ್ಲಿ ಜನರೇಟರ್ ಇದೆ, ಚೇಂಜ್‌ಓವರ್ ಹಾಕಿದ್ದೀರಿ ಎಂದು ಮೆಸ್ಕಾಂ ಶಾಖೆಗೆ ತಿಳಿಸಿಡಿ. ಹಾಸನ ಜಿಲ್ಲೆಯವರಾದರೆ ಮೈಸೂರಿನ ಚಾಮುಂಡೇಶ್ವರಿ ನಿಗಮದ ಶಾಖೆಗೆ.

ಕಾರ್ ಶೆಡ್ಡಿನ ವಿಷಯ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ ಬಂದು ಮಂಪರು ಹತ್ತಿ ಮಲಗಿದವರು ಏಳುವುದಿಲ್ಲ. ಬಾಗಿಲು ತೆರೆದಿಟ್ಟರೆ ಸಾಕು ಎಂಬುದು ಸುಳ್ಳು. ಮನೆಯ ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರದಲ್ಲಿ, ಮೇಲೆ ಶೀಟು ಹಾಕಿ ಮೂರು ಕಡೆ ಬಯಲಾಗಿ ಬಿಟ್ಟ ಮಾಡು ಕಟ್ಟಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಮುಚ್ಚುವ ಗೋಡೆ ಆ ಕಡೆ ಇರಲಿ. ಸೈಲೆನ್ಸರ್ ಮನೆಗೆ ಬೆನ್ನು ತಿರುಗಿಸಿರಲಿ. ನೆಲದಿಂದ ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ, ಸುತ್ತ ಮೂರಡಿ ಖಾಲಿ ಜಾಗ. ಅತಿಥಿಗಳ ಕೋಣೆಯ ಕಿಟಕಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಕೊಪ್ಪ. ಜನರೇಟರ್ ಓಡುತ್ತಿದ್ದರೂ ಯುಪಿಎಸ್ ಅದನ್ನು ಒಪ್ಪುವುದೇ ಇಲ್ಲ, ಬ್ಯಾಟರಿಯಲ್ಲೇ ಓಡುತ್ತದೆ.

ಉತ್ತರ: ಯುಪಿಎಸ್ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿದ್ದರೆ ಸುಮಾರು 180ರಿಂದ 260 ವೋಲ್ಟಿನ ನಡುವಿನ, ಅಲುಗಾಡದ ಕರೆಂಟು ಮಾತ್ರ ಬೇಕು ಅದಕ್ಕೆ. ನಾರ್ಮಲ್ ಅಥವಾ ಇಕೋ ಮೋಡಿಗೆ ತಳ್ಳಿ, ಹೆಚ್ಚಿನವರ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಫ್ರೀಕ್ವೆನ್ಸಿ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿ. ಹೊರೆ ಇಲ್ಲದಾಗ 52 ಹರ್ಟ್ಸ್‌ವರೆಗೆ ಇದ್ದರೆ ಸರಿ, ಹೊರೆ ಬಿದ್ದಾಗ 49ರ ಕೆಳಗೆ ಹೋಗಬಾರದು. 54, 55 ತೋರಿಸಿದರೆ ಎಂಜಿನ್ ವೇಗ ಹಿಡಿದಿಡುವ ಗವರ್ನರಿನ ಸ್ಕ್ರೂವನ್ನು ಯಾರೋ ತಿರುಗಿಸಿದ್ದಾರೆ. ಅದನ್ನು ಸರಿಮಾಡಿಸಿ, ವೋಲ್ಟೇಜ್ ಸಾಲದೆಂದು ನೀವು ಮತ್ತೆ ತಿರುಗಿಸಬೇಡಿ.

ಪ್ರಶ್ನೆ: ಪೆಟ್ರೋಲೋ ಡೀಸೆಲೋ? ಆರು ತಿಂಗಳು ಸುಮ್ಮನಿಟ್ಟರೆ ಮತ್ತೆ ಎದ್ದೇಳುತ್ತದೆಯೇ? (ಸಕಲೇಶಪುರ)

ಉತ್ತರ: ವರ್ಷಕ್ಕೆ ನೂರು ಗಂಟೆಯೊಳಗೆ ಓಡುವ ಮನೆಗೆ, 5 ಕೆವಿಎವರೆಗೆ ಪೆಟ್ರೋಲ್. ಅದಕ್ಕಿಂತ ಹೆಚ್ಚು ಓಡಿದರೆ, ಇಲ್ಲವೇ 7.5 ದಾಟಿದರೆ ಡೀಸೆಲ್. ಪೆಟ್ರೋಲಿಗೆ ಯೂನಿಟ್ಟಿಗೆ ಅರ್ಧ ಲೀಟರ್ ಆದರೆ ಡೀಸೆಲಿಗೆ ಮೂರನೇ ಒಂದು ಲೀಟರಿನ ಹತ್ತಿರ.

ಸುಮ್ಮನಿಡುವುದೇ ಪೆಟ್ರೋಲ್ ಸೆಟ್ಟಿನ ಶತ್ರು. ಈಗ ಬಂಕಿನಲ್ಲಿ ಬರುವ ಇ20 ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೇನು ಕೊರತೆ? ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಅಂಟಾಗಿ ಜೆಟ್ ಮುಚ್ಚುತ್ತದೆ. ಪ್ರತಿ ಸಲ ನಿಲ್ಲಿಸುವಾಗ ಸ್ವಿಚ್ಚಿನಿಂದ ನಿಲ್ಲಿಸದೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಒಣಗಿ ತಾನಾಗಿ ನಿಲ್ಲಲಿ. ತಿಂಗಳಿಗೊಮ್ಮೆ 20 ನಿಮಿಷ, ಬರಿದೇ ಅಲ್ಲ, ಹೊರೆ ಹಾಕಿ ಓಡಿಸಿ. ಮೊದಲ ಆಯಿಲ್ 20 ಗಂಟೆಗೆ ಬದಲಿಸಿ, ಆಮೇಲೆ 100 ಗಂಟೆಗೋ ಆರು ತಿಂಗಳಿಗೋ, ಯಾವುದು ಮೊದಲೋ ಅದು. ಚೆನ್ನಾಗಿ ಓಡುತ್ತಿದ್ದದ್ದು ಇಳಿಜಾರಿನಲ್ಲಿಟ್ಟ ತಕ್ಷಣ ನಿಂತುಹೋದರೆ ಗಾಬರಿ ಬೇಡ. ಆಯಿಲ್ ಕಡಿಮೆಯೆಂದು ಸೆನ್ಸರ್ ತಿಳಿದು ನಿಲ್ಲಿಸಿರುತ್ತದೆ, ಸಮತಟ್ಟಾಗಿ ಇಟ್ಟು ಆಯಿಲ್ ಕಡ್ಡಿ ನೋಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ 5 ಕೆವಿಎ ಕೊಳ್ಳುತ್ತಿದ್ದೇನೆ. ಪರೀಕ್ಷೆ ಮಾಡುವುದು ಹೇಗೆ? (ಬೇಲೂರು)

ಉತ್ತರ: ಬಲ್ಬು ಹಾಕಿ ತೋರಿಸಿದರೆ ಒಪ್ಪಬೇಡಿ. ನೀರು ಕಾಯಿಸುವ 1000 ವ್ಯಾಟಿನ ಕಾಯಿಲ್ ಮೂರು, ನೀರು ತುಂಬಿದ ಬಕೆಟ್ ಮೂರು, ಒಂದು ಮಲ್ಟಿಮೀಟರ್ ಒಯ್ಯಿರಿ. ತಣ್ಣಗಿರುವಾಗಲೇ ಎಬ್ಬಿಸಲು ಹೇಳಿ, ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ಕಾಯಿಲನ್ನು ನೀರಿಗಿಳಿಸಿದ ಮೇಲೆಯೇ ಸ್ವಿಚ್ ಹಾಕಬೇಕು, ಸ್ವಿಚ್ ಆಫ್ ಮಾಡದೆ ನೀರಿಗೆ ಕೈ ಇಡಬಾರದು. ಒಂದೊಂದಾಗಿ ಮೂರನ್ನೂ ಹಾಕಿ ಅರ್ಧ ಗಂಟೆ ಓಡಿಸಿ. ವೋಲ್ಟೇಜ್ 215ರಿಂದ 240ರ ನಡುವೆ ನಿಂತಿರಬೇಕು, ಫ್ರೀಕ್ವೆನ್ಸಿ 49ಕ್ಕಿಂತ ಇಳಿಯಬಾರದು. ನೀಲಿ ಹೊಗೆ ಬಂದರೆ ರಿಂಗು ಸವೆದಿದೆ. ಪೆಟ್ರೋಲ್ ಸೆಟ್ಟಿನಲ್ಲಿ ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ತೆಗೆಸಿ ನೋಡಿ, ಅಷ್ಟಕ್ಕೇ ಸರಿಹೋದರೆ ಬೆಲೆ ಇಳಿಸಲು ನಿಮಗೊಂದು ಕಾರಣ ಸಿಕ್ಕಿತು. ಮೂರನೇ ಕಾಯಿಲ್ ಹಾಕಿದಾಗ ಎಂಜಿನ್ ಮುಗ್ಗರಿಸಿ ಮೇಲೇಳದಿದ್ದರೆ ನಿಮ್ಮ ಬಕೆಟ್ಟುಗಳನ್ನು ಎತ್ತಿಕೊಂಡು ವಾಪಸ್ ಬನ್ನಿ.